ಎದುರು ಮನೆಯ ಪರದೆ

"ಅಜ್ಜಾರ, ವಾದದಾಗ ಎದುರಿನವರು ಸುಮ್ಮನಾದ್ರಂದ್ರ ನಾವು ಗೆದ್ದಂಗ ಹೌದಲ್ರಿ?"

ಕೇಳಿದವನು ವೃಷಭೇಂದ್ರ. ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮಾಸ್ತರ, ಸೋಮವಾರ ತಪ್ಪದೆ ಮಠಕ್ಕೆ ಬರುವ ಶಿಷ್ಯ. ಅಮೆರಿಕವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಆದರೆ ಅಲ್ಲಿಯ ಬಂದೂಕು, ಅಲ್ಲಿಯ ಗಡಿ, ಅಲ್ಲಿಯ ಗರ್ಭಪಾತದ ಕಾನೂನು, ಹೀಗೆ ಅಲ್ಲಿಯ ಒಂದೊಂದು ಜಗಳಕ್ಕೂ ಅವನದೊಂದು ಅಭಿಪ್ರಾಯವಿತ್ತು. ಅದನ್ನು ದಿನವೂ ಫೋನಿನಲ್ಲಿ ಬರೆದು ಹಂಚದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ.

"ಯಾರಪಾ ಸುಮ್ಮನಾದವರು?" ಎಂದರು ಮಠದ ಸ್ವಾಮಿಗಳಾದ ಅಜ್ಜನವರು.

"ನಮ್ಮಕ್ಕ ರೀ. ಗದಗಿನಾಗ ಒಬ್ಬಾಕಿನ ಇರತಾಳ. ಬಂದೂಕಿನ ವಿಷಯ ನಾ ಏನ ಬರದ್ರೂ ತಾಸಿನೊಳಗ ಉಲ್ಟಾ ಬರದು ಕಳಸತಿದ್ಲು. ಒಂದು ದಿನಾನೂ ಬಿಟ್ಟಾಕಿ ಅಲ್ಲ. ಹೋದ ವಾರ ಒಂದು ಬರದೆ ನೋಡ್ರಿ, ಬಾಯಿ ಬಂದ್ ಆತು."

ಹೇಳುವಾಗ ಅವನ ಮುಖ ಅರಳಿತ್ತು. ಅಜ್ಜನವರು ಪ್ರಾಯದಲ್ಲಿ ಎರಡು ವರ್ಷ ಆ ದೇಶದಲ್ಲಿ ಇದ್ದು ಬಂದವರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಒಬ್ಬ ಬಡಗಿ ಇದ್ದ. ರಸ್ತೆಯ ಆಚೆ, ಅವನ ಮನೆಗೆ ನೇರ ಎದುರಾಗಿ, ಕೆಲಸದಿಂದ ನಿವೃತ್ತಳಾದ ಒಬ್ಬ ಶಿಕ್ಷಕಿ ಇದ್ದಳು. ಅವನ ಹೆಂಡತಿ ತೀರಿಕೊಂಡಿದ್ದಳು. ಅವಳು ಮದುವೆಯನ್ನೇ ಆಗಿರಲಿಲ್ಲ. ಅದು ಚಳಿಯ ಸೀಮೆ. ಹಿಮ ಬಿತ್ತೆಂದರೆ ವಾರಗಟ್ಟಲೆ ಒಬ್ಬರ ಮುಖ ಒಬ್ಬರು ಕಾಣುವುದಿಲ್ಲ.

ಬಡಗಿಯ ಹೆಂಡತಿ ಸತ್ತ ವರ್ಷ ಶಿಕ್ಷಕಿಯೇ ಒಂದು ಏರ್ಪಾಡು ಮಾಡಿದಳು.

"ಬೆಳಿಗ್ಗೆ ಏಳು ಗಂಟೆಗೆ ನಾನು ಅಡುಗೆಮನೆ ಕಿಟಕಿಯ ಪರದೆ ಎತ್ತುತ್ತೇನೆ. ನೀವೂ ಎತ್ತಿ. ಪರದೆ ಮೇಲಿದ್ದರೆ ಎದ್ದಿದ್ದೇವೆ, ಚೆನ್ನಾಗಿದ್ದೇವೆ ಎಂದು ಅರ್ಥ. ಕೆಳಗೇ ಇದ್ದರೆ ಬಂದು ನೋಡಬೇಕು. ನನ್ನ ಬೀಗದಕೈ ಹೂಕುಂಡದ ಅಡಿಯಲ್ಲಿರುತ್ತದೆ."

"ಆಗಲಿ" ಎಂದ ಬಡಗಿ.

ಎರಡನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನ ಪರದೆ ಏಳಲಿಲ್ಲ. ಏಳೂ ಕಾಲಿಗೆ ಅವಳು ಮೊಣಕಾಲುದ್ದ ಹಿಮ ತುಳಿದುಕೊಂಡು ಬಂದಳು. ಅವನು ಜ್ವರದಲ್ಲಿ ಬಿದ್ದಿದ್ದ, ಮೈಮೇಲೆ ಎಚ್ಚರವಿರಲಿಲ್ಲ. ಹನ್ನೊಂದು ದಿನ ಅವಳು ಗಂಜಿ ತಂದುಕೊಟ್ಟಳು. ಅವನು ಬದುಕಿದ.

ಆಮೇಲೆ ಚುನಾವಣೆ ಬಂತು. ಚುನಾವಣೆ ಬಂದರೆ ಅಲ್ಲಿಯವರು ತಂತಮ್ಮ ಅಂಗಳದಲ್ಲಿ ತಂತಮ್ಮ ಅಭಿಪ್ರಾಯವನ್ನು ಬೋರ್ಡು ಬರೆದು ನೆಡುತ್ತಾರೆ. ಬಡಗಿ ಒಂದು ಗೇಣಗಲದ ಹಲಗೆಯ ಮೇಲೆ ಬರೆದ: "ಬಂದೂಕು ಮನೆ ಕಾಯುತ್ತದೆ." ಮರುದಿನ ಎದುರಿನ ಅಂಗಳದಲ್ಲಿ ಅಷ್ಟೇ ಅಗಲದ ಹಲಗೆ ಎದ್ದಿತು: "ಶಾಲೆಯನ್ನು ಯಾರು ಕಾಯುತ್ತಾರೆ?"

ಎರಡೂ ಪುಸ್ತಕ ಓದಿ ಬರೆದ ಮಾತಲ್ಲ. ಬಡಗಿ ಹುಡುಗನಾಗಿದ್ದಾಗ ಮನೆಗೆ ಕಳ್ಳರು ನುಗ್ಗಿದ್ದರು, ಅವನ ತಂದೆಯ ಜೀವ ಉಳಿಸಿದ್ದು ಬಂದೂಕು. ಶಿಕ್ಷಕಿ ತನ್ನ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯನ್ನು ಮಣ್ಣಿಗಿಟ್ಟು ಬಂದಿದ್ದಳು. ಆ ಹುಡುಗಿಯ ಜೀವ ತೆಗೆದದ್ದೂ ಬಂದೂಕೇ, ಅದೂ ಶಾಲೆಯೊಳಗೆ. ಇಬ್ಬರಿಗೂ ನೋವಿತ್ತು. ಒಂದು ಬಾರಿ ಎದುರುಬದುರು ಕೂತು ಅದನ್ನು ಆಡಿಕೊಂಡಿದ್ದರೆ ಸಾಕಿತ್ತು. ಆದರೆ ಹಲಗೆಗಳು ಮಾತಾಡತೊಡಗಿದ ಮೇಲೆ ಮನುಷ್ಯರಿಗೆ ಆಡಲು ಏನೂ ಉಳಿಯಲಿಲ್ಲ.

ಅವಳು ಒಂದು ಬರೆದರೆ ಅವನು ಎರಡು ಬರೆದ. ದಾರಿಹೋಕರು ಕಾರು ನಿಲ್ಲಿಸಿ ಓದಿ ಶಭಾಸ್ ಎಂದರು. ಕೈಯಲ್ಲಿ ಕಸುಬು ಇದ್ದವನಿಗೆ ಕೋಪ ಬಂದರೆ ಕಷ್ಟ, ಅವನ ಕೋಪವೂ ಅಚ್ಚುಕಟ್ಟಾಗಿರುತ್ತದೆ. ಬಡಗಿ ಒಳ್ಳೆಯ ಮರ ತಂದು, ಉಜ್ಜಿ ಹದ ಮಾಡಿ, ಬಾಗಿಲಿನಷ್ಟು ದೊಡ್ಡ ಬೋರ್ಡು ಮಾಡಿದ. ರಸ್ತೆಯ ತಿರುವಿನಿಂದಲೇ ಕಾಣಲಿ ಎಂದು ಅದನ್ನು ಅಡುಗೆಮನೆಯ ಕಿಟಕಿಯ ಮುಂದೆ ನೆಟ್ಟ.

ಮರುದಿನ ಏಳು ಗಂಟೆಗೆ ಅಭ್ಯಾಸಬಲದಿಂದ ಪರದೆ ಎತ್ತಿದ. ಕಂಡದ್ದು ತನ್ನದೇ ಬೋರ್ಡಿನ ಬೆನ್ನು. ಕೋಣೆ ಕತ್ತಲಾಗಿತ್ತು. ದೀಪ ಹಾಕಿಕೊಂಡು ಕಾಫಿ ಮಾಡಿದ. ನಾಲ್ಕು ದಿನ ಕಳೆದ ಮೇಲೆ ಪರದೆ ಎತ್ತುವುದನ್ನೂ ಬಿಟ್ಟ. ಹೊರಗೆ ಬಂದಾಗ ಅವನ ಕಣ್ಣು ನೇರ ಅವಳ ಬೋರ್ಡಿಗೆ ಹೋಗುತ್ತಿತ್ತೇ ಹೊರತು ಕಿಟಕಿಗೆ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಅವನು ದೊಡ್ಡ ಅಕ್ಷರದಲ್ಲಿ ಬರೆದ: "ಸತ್ತ ಒಂದು ಮಗುವನ್ನು ತೋರಿಸಿ ಇನ್ನೆಷ್ಟು ದಿನ ಅಳುತ್ತೀರಿ?" ಆ ಮಗುವಿನ ಹೆಸರು ಅವನಿಗೆ ಗೊತ್ತಿತ್ತು. ಗಂಜಿ ತಂದ ದಿನಗಳಲ್ಲಿ ಅವನ ಹಾಸಿಗೆಯ ಪಕ್ಕ ಕೂತು ಅವಳೇ ಹೇಳಿದ್ದಳು. ಬರೆಯುವಾಗ ಅವನ ಕೈ ಒಂದು ಗಳಿಗೆ ನಿಂತಿತು. ಆದರೆ ಬಣ್ಣ ಕಲಸಿ ಆಗಿತ್ತು.

ಸೋಮವಾರ ಎದುರಿನಿಂದ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಪೇಟೆಯಲ್ಲಿ ಗೆಳೆಯರು ಬೆನ್ನು ತಟ್ಟಿದರು. ಅಂತೂ ಆಕೆಯ ಬಾಯಿಗೆ ಬೀಗ ಜಡಿದೆಯಲ್ಲ ಎಂದರು. ಅವನು ಸಿಳ್ಳೆ ಹಾಕುತ್ತಾ ಮನೆಗೆ ಬಂದ.

ಗುರುವಾರ ಅಂಚೆಯವನು ಅವನ ಬಾಗಿಲು ತಟ್ಟಿದ. "ಎದುರು ಮನೆಯಮ್ಮ ಊರಲ್ಲಿಲ್ಲವೇ? ಸೋಮವಾರದಿಂದ ಕಾಗದಗಳು ಡಬ್ಬಿಯಲ್ಲೇ ಇವೆ. ಕಿಟಕಿಯ ಪರದೆಯೂ ಇಳಿದೇ ಇದೆ."

ಬಡಗಿ ಬರಿಗಾಲಲ್ಲಿ ಹಿಮದ ಮೇಲೆ ಓಡಿದ. ಹೂಕುಂಡ ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಒದ್ದು ಒಡೆದು ಬೀಗದಕೈ ತೆಗೆದ.

ಅವಳು ಅಡುಗೆಮನೆಯ ನೆಲದ ಮೇಲೆ, ಕಿಟಕಿಯ ಕೆಳಗೆ ಬಿದ್ದಿದ್ದಳು. ಕಾಲು ಜಾರಿ ಸೊಂಟ ಮುರಿದಿತ್ತು, ಜೀವ ಹೋಗಿತ್ತು. ಡಾಕ್ಟರು ನೋಡಿ, ಬಿದ್ದ ಮೇಲೂ ಎರಡು ದಿನ ಜೀವ ಹಿಡಿದುಕೊಂಡಿದ್ದರು ಎಂದು ಹೇಳಿದರು. ಪರದೆ ಇಳಿದೇ ಇದೆ, ಅವನು ನೋಡುತ್ತಾನೆ, ಬಂದೇ ಬರುತ್ತಾನೆ ಎಂದು ಆ ಜೀವ ಎರಡು ಬೆಳಗು ಏಳು ಗಂಟೆಯಾಗುವುದನ್ನು ಕಾದಿತ್ತು.

ಮೇಜಿನ ಮೇಲೆ ಅವಳ ಹೊಸ ಬೋರ್ಡು ಇತ್ತು. ಬರೆದು ಮುಗಿದಿತ್ತು, ನೆಡುವುದಷ್ಟೇ ಉಳಿದಿತ್ತು. ಬಡಗಿ ಓದಿದ: "ನಿಮ್ಮ ಬೋರ್ಡು ಇರಲಿ. ಒಂದು ಮೊಳ ಪಕ್ಕಕ್ಕೆ ಸರಿಸಿ. ನಿಮ್ಮ ಕಿಟಕಿ ಕಾಣಿಸುತ್ತಿಲ್ಲ, ನನಗೆ ದಿನವೂ ಗಾಬರಿಯಾಗುತ್ತದೆ."

ಆ ದಿನವೇ ಅವನು ತನ್ನ ಬೋರ್ಡು ಕಿತ್ತು ಹಾಕಿದ. ಅವನ ಅಭಿಪ್ರಾಯ ಬದಲಾಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ಮುಂದೆ ಬದುಕಿರುವಷ್ಟು ದಿನವೂ ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಪರದೆ ಎತ್ತುತ್ತಿದ್ದ. ಎದುರು ಮನೆಯಲ್ಲಿ ನೋಡುವವರು ಇರಲಿಲ್ಲ.

ಅಜ್ಜನವರು ಇಷ್ಟು ಹೇಳಿ ನಿಲ್ಲಿಸಿದರು. ವೃಷಭೇಂದ್ರನದು ಪಾಠ ಹೇಳಿ ರೂಢಿಯಾದ ನಾಲಿಗೆ, ಸುಮ್ಮನಿರಲು ಅದಕ್ಕೆ ಬಾರದು.

"ಕತಿ ಭಾಳ ಸಂಕಟದ್ದೈತ್ರಿ. ಆದರೂ ಅಜ್ಜಾರ, ಆ ಬಂದೂಕಿನ ವಾದದಾಗ ಇಬ್ಬರೊಳಗ ಖರೇ ಯಾರದಿತ್ರಿ?"

ಅಜ್ಜನವರು ಕನ್ನಡಕ ಏರಿಸಿಕೊಂಡು ಅವನ ಮುಖ ನೋಡಿದರು.

"ನಿಮ್ಮಕ್ಕ ಸುಮ್ಮನಾಗಿ ಎಷ್ಟು ದಿನ ಆತು ಅಂದಿ?"