ವಾರಕ್ಕೊಂದೇ ಭೇಟಿ

"ಗುರುಗಳೇ, ತಪ್ಪದೆ ಮಾಡಿದ ಸೇವೆಯಲ್ಲೂ ತಪ್ಪು ಇರಬಹುದೇ?" ಎಂದು ಶಂಭುಲಿಂಗ ಕೇಳಿದ.

ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಾವಿಯಿಂದ ನೀರು ಸೇದಿ, ಗುರುಗಳ ಸ್ನಾನದ ಹಂಡೆ ತುಂಬಿಸುತ್ತಿದ್ದ. ಆ ಕೆಲಸವನ್ನು ಯಾರೂ ಅವನಿಗೆ ವಹಿಸಿರಲಿಲ್ಲ. ಅವನೇ ವಹಿಸಿಕೊಂಡಿದ್ದ. ಏಳು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

"ಈ ಪ್ರಶ್ನೆ ಯಾಕೆ ಬಂತು?" ಎಂದರು ಗುರುಗಳು.

"ನಿನ್ನೆ ತುಂಬಿದ ಹಂಡೆ ನೋಡಿ, 'ಇವತ್ತೂ ನೀನೇನಾ?' ಎಂದಿರಿ. ಆ ಮಾತಿನಲ್ಲಿ ಮೆಚ್ಚುಗೆ ಇರಲಿಲ್ಲ. ಆಗಿನಿಂದ ಅದೇ ಯೋಚನೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಈ ಕತೆ ಹೇಳಿದರು.

ಬಾವಿ ತೋಡುವ ಇಬ್ಬರು ಗೆಳೆಯರಿದ್ದರು. ಒಬ್ಬ ಕೆಳಗಿಳಿದು ಅಗೆಯುತ್ತಿದ್ದ. ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಕೆಳಗಿನವನು ಆಗಾಗ ಕೂಗಿ ಕೇಳುತ್ತಿದ್ದ: "ಹಗ್ಗ ಬಿಗಿ ಇದೆಯಾ?" ಮೇಲಿನವನು "ಬಿಗಿ ಇದೆ" ಎನ್ನುತ್ತಿದ್ದ. ಹನ್ನೆರಡು ವರ್ಷ ಹೀಗೆ ನಡೆಯಿತು. ಹಗ್ಗ ಒಮ್ಮೆಯೂ ಸಡಿಲವಾಗಲಿಲ್ಲ.

ಅಗೆಯುವವನು ಹೊಳೆಯಾಚೆಯ ದೂರದ ಊರಿನವನು. ಅಲ್ಲಿ ಅವನಿಗೆ ಇದ್ದದ್ದು ತಾಯಿ ಒಬ್ಬಳೇ. ಹಗ್ಗ ಹಿಡಿಯುವವನು ಆ ಊರನ್ನಾಗಲಿ ಆ ತಾಯಿಯನ್ನಾಗಲಿ ನೋಡಿರಲಿಲ್ಲ.

ಒಂದು ದಿನ ಜಗಳದಲ್ಲಿ ಅಗೆಯುವವನು ಒಬ್ಬನ ಮೇಲೆ ಹಾರೆ ಬೀಸಿದ. ಪೆಟ್ಟು ತಿಂದವನು ಬದುಕಿದ, ಆದರೆ ಅವನ ಒಂದು ಕಾಲು ಹೋಯಿತು. ಅಗೆಯುವವನಿಗೆ ಎರಡು ವರ್ಷ ಸೆರೆಯಾಯಿತು.

ಅವನನ್ನು ಎಲ್ಲಿ ಇಟ್ಟಿದ್ದಾರೆ ಎಂದು ಗೆಳೆಯನಿಗೆ ಯಾರೂ ಹೇಳಲಿಲ್ಲ. ಆ ಸೀಮೆಯ ಮೂರು ಪಟ್ಟಣಗಳಲ್ಲಿ ಸೆರೆಮನೆಗಳಿದ್ದವು. ಗೆಳೆಯ ಒಂದೊಂದಕ್ಕೂ ನಡೆದು ಹೋದ. ಎಲ್ಲ ಕಡೆಯೂ ಕೈದಿಯ ತಂದೆಯ ಹೆಸರು ಕೇಳಿದರು. ಹನ್ನೆರಡು ವರ್ಷ ಹಗ್ಗ ಹಿಡಿದವನಿಗೆ ಅದು ಗೊತ್ತಿರಲಿಲ್ಲ. "ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಬಾವಿಯ ಕಲ್ಲು ಬಿದ್ದು ಹೋದದ್ದು" ಎಂದ. ಎರಡು ಕಡೆ ನಕ್ಕು ಕಳಿಸಿದರು. ಮೂರನೆಯ ಕಡೆ ಬಾಗಿಲ ಕಾವಲುಗಾರ ಒಳಗೆ ಹೋಗಿ ನೋಡಿ ಬಂದು, "ಇದ್ದಾನೆ" ಎಂದ.

ಕಾವಲುಗಾರ ನಿಯಮವನ್ನೂ ಹೇಳಿದ. ಭೇಟಿ ಸೋಮವಾರ ಮಾತ್ರ. ಒಬ್ಬ ಕೈದಿಗೆ ವಾರಕ್ಕೆ ಒಂದೇ ಭೇಟಿ. ಅದೂ ಒಬ್ಬರಿಗೇ. ಯಾರು ಮೊದಲು ಬರುತ್ತಾರೋ ಅವರಿಗೆ.

ಗೆಳೆಯ ಮೊದಲ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡ. ನಾಲ್ಕನೆಯದರ ಬಗ್ಗೆ ಅವನು ಯೋಚಿಸಲಿಲ್ಲ. ತಡವಾಗಿ ಬರುವ ಅಭ್ಯಾಸ ಅವನಿಗಿರಲಿಲ್ಲ.

ಮೊದಲ ಭೇಟಿಯಲ್ಲಿ ಕೈದಿ ಸರಳುಗಳ ಆಚೆ ನಿಂತು, "ಹಗ್ಗ ಬಿಗಿ ಇದೆಯಾ?" ಎಂದ.

"ಬಿಗಿ ಇದೆ. ಈ ಬಾವಿ ಮಾತ್ರ ನೀನೊಬ್ಬನೇ ತೋಡಿದ್ದು" ಎಂದ ಗೆಳೆಯ.

ಇಬ್ಬರೂ ನಕ್ಕರು. ಆಮೇಲೆ ಕೈದಿ ಹೇಳಿದ: "ನನಗೆ ಅಕ್ಷರ ಬಾರದು. ಅವ್ವನಿಗೆ ಒಂದು ಕಾಗದ ಬರಿ. ಒಂದು ಸಲ ಬಂದು ಮುಖ ತೋರಿಸು ಅನ್ನು."

ಗೆಳೆಯ ಅಂದೇ ಕಾಗದ ಬರೆದ. ಯಾವ ಪಟ್ಟಣ, ಹೊಳೆ ದಾಟಿದ ಮೇಲೆ ಯಾವ ದಾರಿ, ಭೇಟಿ ಯಾವ ವಾರ, ಏನು ತರಬಹುದು, ಏನು ತರಬಾರದು, ಎಲ್ಲವನ್ನೂ ಬರೆದ. ತಾನು ಪ್ರತಿ ಸೋಮವಾರ ಹೋಗುತ್ತೇನೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅದು ಉಪಕಾರ ಹೇಳಿಕೊಂಡಂತೆ ಆಗುತ್ತದೆ ಎನ್ನಿಸಿತು. ಅದೇ ಕಾರಣಕ್ಕೆ ತನ್ನ ಹೆಸರನ್ನೂ ಹಾಕಲಿಲ್ಲ. ಕೆಳಗೆ 'ನಿಮ್ಮ ಮಗನ ಗೆಳೆಯ' ಎಂದಷ್ಟೇ ಬರೆದ.

ಆಮೇಲೆ ಪ್ರತಿ ಸೋಮವಾರ ಹೊತ್ತು ಮೂಡುವಾಗ ಅವನು ಸೆರೆಮನೆಯ ಬಾಗಿಲಲ್ಲಿ ಇರುತ್ತಿದ್ದ. ಕೈದಿ ಮೊದಲು ಹಗ್ಗದ ಮಾತು ಕೇಳುತ್ತಿದ್ದ. ಎರಡನೆಯದಾಗಿ ಅವ್ವನ ಸುದ್ದಿ ಕೇಳುತ್ತಿದ್ದ.

"ದೂರ ಅಲ್ಲವೇ, ಬರುತ್ತಾರೆ" ಎನ್ನುತ್ತಿದ್ದ ಗೆಳೆಯ.

ಮೂರು ತಿಂಗಳು ಕಳೆದ ಮೇಲೆ ಕೈದಿ ಎರಡನೆಯ ಪ್ರಶ್ನೆ ಕೇಳುವುದನ್ನು ಬಿಟ್ಟ. ಗೆಳೆಯನೇ, "ಇನ್ನೊಂದು ಕಾಗದ ಬರೆಯಲೇ?" ಎಂದ.

"ಬೇಡ. ಕೈದಿಯ ತಾಯಿ ಅನ್ನಿಸಿಕೊಳ್ಳುವುದಕ್ಕಿಂತ, ಮಗ ಸತ್ತ ಅಂದುಕೊಳ್ಳುವುದು ಸುಲಭ ಇರಬೇಕು. ತಾಯಿಯನ್ನು ಎರಡೆರಡು ಸಲ ಕರೆಯಬಾರದು."

ಗೆಳೆಯ ಬರೆಯಲಿಲ್ಲ. ಇವನಿಗೆ ಇನ್ನು ನಾನೊಬ್ಬನೇ ಎಂದುಕೊಂಡ. ಅಂದಿನಿಂದ ಇನ್ನೂ ಮುಂಚೆ ಬರತೊಡಗಿದ. ಕಾವಲುಗಾರ ಆಕಳಿಸುತ್ತಾ ಬಾಗಿಲು ತೆಗೆದು, "ಕೋಳಿಗೂ ನಿನಗೂ ಪಂತವೇನಪ್ಪ?" ಎಂದು ಹಂಗಿಸುತ್ತಿದ್ದ. ಗೆಳೆಯನಿಗೆ ಆ ಮಾತು ಹಿತವಾಗಿಯೇ ಇತ್ತು.

ಹನ್ನೊಂದನೆಯ ತಿಂಗಳಲ್ಲಿ ಗೆಳೆಯನಿಗೆ ಜ್ವರ ಬಂತು. ಒಂದು ಸೋಮವಾರ ಅವನಿಗೆ ಏಳಲು ಆಗಲಿಲ್ಲ. ಮಲಗಿದಲ್ಲಿಂದ ಬಾಗಿಲ ಬಿಸಿಲನ್ನು ನೋಡುತ್ತಾ ಇದ್ದ. ಇಷ್ಟು ಹೊತ್ತಿಗೆ ಕೈದಿ ಕಾಯುತ್ತಿರುತ್ತಾನೆ ಎಂದುಕೊಂಡ. ಬಿಸಿಲು ಹೊಸ್ತಿಲು ದಾಟಿತು. ಇಷ್ಟು ಹೊತ್ತಿಗೆ ಕಾಯುವುದನ್ನೂ ಬಿಟ್ಟಿರುತ್ತಾನೆ ಎಂದುಕೊಂಡ. ಜ್ವರಕ್ಕಿಂತ ಅದೇ ಅವನನ್ನು ಹೆಚ್ಚು ಬಾಧಿಸಿತು.

ಮುಂದಿನ ಸೋಮವಾರ ಕೋಲೂರಿಕೊಂಡು ಹೋದ. ಕೈದಿ ಕೇಳುವ ಮೊದಲೇ ಹೇಳಿದ: "ಹೋದ ವಾರ ಹಗ್ಗ ಸಡಿಲವಾಯಿತು. ತಪ್ಪಾಯಿತು."

"ಹೋದ ವಾರ ಅವ್ವ ಬಂದಿದ್ದಳು" ಎಂದ ಕೈದಿ.

ಗೆಳೆಯನಿಗೆ ಸಂತೋಷವಾಯಿತು. "ಏನಂದರು?"

"ಅಂದವನು ನಾನು. ಹನ್ನೊಂದು ತಿಂಗಳಾದ ಮೇಲೆ ನೆನಪಾಯಿತೇ ಅಂದೆ. ದೂರ ಆಗುತ್ತದೆ ಮಗ, ತಡವಾಯಿತು ಅಂದಳು. ಸಜ್ಜೆ ರೊಟ್ಟಿ ತಂದಿದ್ದಳು. ತೆಗೆದುಕೊಳ್ಳಲಿಲ್ಲ. ಗೋಡೆಯ ಕಡೆ ತಿರುಗಿ ನಿಂತೆ. ಗಂಟೆ ಬಾರಿಸುವವರೆಗೆ ಅವಳು ಹಾಗೇ ನಿಂತಿದ್ದಳು." ಕೈದಿ ಮತ್ತೆ ಹೇಳಿದ: "ಇನ್ನೊಮ್ಮೆ ಬಂದರೆ ಸರಿಯಾಗಿ ಮಾತಾಡುತ್ತೇನೆ. ಬರುತ್ತಾಳೆ, ಅಲ್ಲವಾ?"

"ದಾರಿ ಗೊತ್ತಾಯಿತಲ್ಲ, ಬರುತ್ತಾರೆ" ಎಂದ ಗೆಳೆಯ.

ಹೊರಗೆ ಬಂದವನು ಕಾವಲುಗಾರನಿಗೂ ಹೇಳಿದ: "ಅಂತೂ ಅವನ ತಾಯಿ ಬಂದರಂತೆ. ಒಂದು ವರ್ಷವಾಗುತ್ತಾ ಬಂತು, ಇದೇ ಮೊದಲು."

ಕಾವಲುಗಾರ ಅವನ ಮುಖ ನೋಡಿದ. "ಯಾವುದು ಮೊದಲು? ಆ ಅವ್ವ ಪ್ರತಿ ಸೋಮವಾರ ಬರುತ್ತಾಳೆ. ಹೊಳೆ ತುಂಬಿ ದೋಣಿ ನಿಂತ ಮೂರು ವಾರ ಬಿಟ್ಟು, ಒಂದು ವಾರವೂ ತಪ್ಪಿಲ್ಲ."

"ಪ್ರತಿ ಸೋಮವಾರ ನಾನು ಬರುತ್ತೇನಲ್ಲ."

"ಅದಕ್ಕೇ. ನೀನು ಬಂದು ಹೋಗಿರುತ್ತೀಯ. ಆಚೆ ದಡದ ಮೊದಲ ದೋಣಿ ಬಿಡುವುದೇ ಬಿಸಿಲೇರಿದ ಮೇಲೆ. ಅವಳು ಇಲ್ಲಿ ಮುಟ್ಟುವಾಗ ಮಧ್ಯಾಹ್ನ. ಅವನ ಗೆಳೆಯ ಬಂದು ಹೋದ, ಈ ವಾರದ ಭೇಟಿ ಆಗಿ ಹೋಯಿತು ಅವ್ವ ಅನ್ನುತ್ತೇನೆ. ಆ ಮರದ ಕೆಳಗೆ ಸ್ವಲ್ಪ ಕೂತು, ಎದ್ದು ಹೋಗುತ್ತಾಳೆ. ಭೇಟಿ ಇಲ್ಲದೆ ತಿಂಡಿ ಒಳಗೆ ಹೋಗುವ ಹಾಗಿಲ್ಲ. ರೊಟ್ಟಿ ನನಗೆ ಕೊಟ್ಟು ಹೋಗುತ್ತಾಳೆ. ಅವನ ಪಾಲಿನ ರೊಟ್ಟಿ ತಿಂದು ತಿಂದು ನನಗೆ ಹೊಟ್ಟೆ ಬಂತು."

ಗೆಳೆಯ ಆ ಮರದ ಕಡೆ ತಿರುಗಿ ನೋಡಿದ. ಕಾವಲುಗಾರ ನಗುವುದನ್ನು ನಿಲ್ಲಿಸಿದ.

"ಹಿಂದಿನ ದಿನವೇ ಬಂದು ಇಲ್ಲಿ ಮಲಗವ್ವ, ನೀನೇ ಮೊದಲಾಗುತ್ತೀಯ ಅಂದಿದ್ದೆ" ಎಂದ. "ಕೇಳಲಿಲ್ಲ. ನಾನು ಮೊದಲಾದರೆ ಆ ಕಾಗದ ಬರೆದ ಪುಣ್ಯಾತ್ಮ ಹಿಂದಿರುಗಬೇಕಲ್ಲ ತಮ್ಮಾ, ಹಿಂದಿರುಗುವ ದಾರಿ ಎಷ್ಟು ಉದ್ದ ಅಂತ ನನಗೆ ಗೊತ್ತು ಅಂದಳು. ಹಾಗಾದರೆ ಸುಮ್ಮನೆ ಯಾಕೆ ಬರುತ್ತೀಯ ಅಂದೆ. ಅವರಿಗೆ ಒಂದು ವಾರ ಬರಲು ಆಗದಿದ್ದರೆ, ಆ ವಾರ ನನ್ನ ಮಗನಿಗೆ ಯಾರೂ ಇಲ್ಲದ ಹಾಗೆ ಆಗಬಾರದು ಅಂದಳು."

"ನನಗೆ ಯಾಕೆ ಹೇಳಲಿಲ್ಲ?"

"ಯಾರಿಗೂ ಹೇಳಬೇಡ ಅಂದಿದ್ದಳು. ಮಗನಿಗೆ ತಿಳಿದರೆ ಒಳಗಿರುವವನಿಗೆ ಅದೂ ಒಂದು ಭಾರ ಅಂದಳು. ನೀನೂ ಕೇಳಲಿಲ್ಲ."

ಗೆಳೆಯ ಭೇಟಿಯ ಪುಸ್ತಕವನ್ನು ತೋರಿಸಲು ಹೇಳಿದ. ಪುಟ ತಿರುವಿದ. ಹನ್ನೊಂದು ತಿಂಗಳು, ಸೋಮವಾರದಿಂದ ಸೋಮವಾರಕ್ಕೆ, ಅವನದೇ ಹೆಸರಿತ್ತು. ಕೊನೆಗೆ ಒಂದು ಕಡೆ ಹೆಬ್ಬೆಟ್ಟಿನ ಗುರುತಿತ್ತು. ಹಿಂದಿರುಗಿದವರನ್ನು ಬರೆಯಲು ಆ ಪುಸ್ತಕದಲ್ಲಿ ಜಾಗ ಇರಲಿಲ್ಲ.

"ಹೋದ ವಾರದ ರೊಟ್ಟಿ?" ಎಂದು ಕೇಳಿದ.

"ಅದನ್ನೂ ನನಗೇ ಕೊಟ್ಟಳು" ಎಂದ ಕಾವಲುಗಾರ.

ಗೆಳೆಯ ಅಂದು ಸಂಜೆಯವರೆಗೆ ಕಾದ, ಅವಳು ಬರಲಿಲ್ಲ. ಮುಂದಿನ ಸೋಮವಾರ ಮತ್ತೆ ಬಂದ. ಆದರೆ ಒಳಗೆ ಹೋಗಲಿಲ್ಲ. ಮರದ ಕೆಳಗೆ ಕೂತ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಹೊಳೆಯ ದಾರಿಯಲ್ಲಿ ಮುದುಕಿ ಯಾರೂ ಬರಲಿಲ್ಲ. ಒಳಗಿದ್ದವನಿಗೆ ಆ ವಾರ ಭೇಟಿ ಇಲ್ಲವಾಯಿತು. ಅದರ ಮುಂದಿನ ವಾರವೂ ಹಾಗೇ ಆಯಿತು.

ಆಗ ಗೆಳೆಯ ಎರಡನೆಯ ಕಾಗದ ಬರೆದ. ಅದರಲ್ಲಿ ಒಂದೇ ಮಾತು: 'ಸೋಮವಾರ ನಿಮ್ಮದು, ನಾನು ಬರುವುದಿಲ್ಲ, ನೀವು ಬನ್ನಿ.' ಈ ಸಲ ಹೆಸರು ಹಾಕಿದ, ಊರನ್ನೂ ಬರೆದ.

ಉತ್ತರ ಬಂತು. ಬರೆದವರು ಆ ಊರಿನ ಶಾಲೆಯ ಮಾಸ್ತರು. ಮುದುಕಿ ಮಗನನ್ನು ನೋಡಿ ಬಂದಳು, ದೋಣಿಯಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಬಂದಳು. ಮಗ ಚೆನ್ನಾಗಿ ಮಾತಾಡಿದ, ಎದುರಿಗೇ ಎರಡು ರೊಟ್ಟಿ ತಿಂದ ಎಂದಳು. ನಾಲ್ಕನೆಯ ದಿನ ತೀರಿಕೊಂಡಳು. ಮಾಸ್ತರು ಕೊನೆಗೆ ಹೀಗೆ ಬರೆದಿದ್ದರು: 'ಮೊದಲ ಕಾಗದವನ್ನು ಓದಿ ಹೇಳಿದವನು ನಾನೇ. ಅದು ಬಂದ ವಾರವೇ ಉತ್ತರ ಬರೆಸಬೇಕೆಂದು ಅವಳು ಎರಡು ಸಲ ನನ್ನ ಬಳಿ ಬಂದಿದ್ದಳು. ಯಾರಿಗೆ ಬರೆಯಬೇಕೆಂದು ನಮಗೆ ತಿಳಿಯಲಿಲ್ಲ.'

ಆ ಸೋಮವಾರ ಗೆಳೆಯ ಮತ್ತೆ ಮೊದಲಿಗನಾಗಿ ಬಾಗಿಲಲ್ಲಿ ನಿಂತ. ಕಾವಲುಗಾರ ಕೋಳಿಯ ಮಾತು ಎತ್ತಲಿಲ್ಲ. ಗೆಳೆಯ ಒಳಗೆ ಹೋಗಿ ಕಾಗದ ಓದಿದ. ಕಾಗದದಲ್ಲಿ ಇಲ್ಲದ್ದನ್ನೂ ಹೇಳಿದ. ಯಾವುದನ್ನೂ ಬಿಡಲಿಲ್ಲ.

"ಪ್ರತಿ ಸೋಮವಾರವೂ?" ಎಂದ ಕೈದಿ.

"ಹೊಳೆ ತುಂಬಿದ ಮೂರು ವಾರ ಬಿಟ್ಟು."

"ನಿನ್ನ ಹಿಂದೆಯೇ?"

"ನನ್ನ ಹಿಂದೆಯೇ."

ಕೈದಿ ಉಗುರಿಲ್ಲದ ಹೆಬ್ಬೆರಳನ್ನು ಸರಳಿನ ಮೇಲೆ ಇಟ್ಟುಕೊಂಡು ನಿಂತ. ಬೈಯಲಿಲ್ಲ. ಅಳಲೂ ಇಲ್ಲ. ಗಂಟೆ ಬಾರಿಸಿದಾಗ ಗೆಳೆಯ, "ಮುಂದಿನ ವಾರ ಬರಲೇ?" ಎಂದು ಕೇಳಿದ.

"ಬಾ. ಇನ್ನು ಯಾರೂ ಹಿಂದಿರುಗಬೇಕಾಗಿಲ್ಲ" ಎಂದ ಕೈದಿ.

ಅವನು ಬಿಡುಗಡೆಯಾಗುವ ತನಕ ಗೆಳೆಯ ಒಂದು ವಾರವೂ ತಪ್ಪಿಸಲಿಲ್ಲ. ಹಗ್ಗ ಬಿಗಿ ಇದೆಯಾ ಎಂದು ಕೈದಿ ಮತ್ತೆ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.  ಶಂಭುಲಿಂಗ ಹೇಳಿದ: "ಗೆಳೆಯ ತಿಳಿದು ಮಾಡಿದ್ದಲ್ಲವಲ್ಲ, ಗುರುಗಳೇ."

"ಅಲ್ಲ."

"ಅದು ತಿಳಿಯುವ ತನಕ, ಜ್ವರ ಬಂದ ದಿನ ಬಿಟ್ಟರೆ ಒಂದು ದಿನವೂ ತಪ್ಪಿದವನಲ್ಲ."

"ತಪ್ಪಿದವನಲ್ಲ."

"ಹಾಗಾದರೆ ಅವನು ಮಾಡಿದ ತಪ್ಪಾದರೂ ಏನು?"

ಗುರುಗಳು ಕೇಳಿದರು: "ನೀನು ಹಂಡೆ ತುಂಬಿಸಿ ಹೋದ ಮೇಲೆ, ದಿನವೂ ತುಂಬಿದ ಕೊಡ ಹೊತ್ತು ನನ್ನ ಬಾಗಿಲವರೆಗೆ ಬಂದು ಹಾಗೇ ಹಿಂದಿರುಗುವವರು ಯಾರು, ಹೇಳು."