ಹೊನ್ನವ್ವನ ಹೌದು, ಹೊನ್ನವ್ವನ ಅಲ್ಲ

“ಗುರುಗಳೇ, ಕೇಳಿದ ಪ್ರಶ್ನೆಗಳಿಗೆಲ್ಲ ಸತ್ಯವಾದ ಉತ್ತರವೇ ಸಿಕ್ಕಿದರೂ ಮನುಷ್ಯ ಸುಳ್ಳಿಗೆ ಹೋಗಿ ಮುಟ್ಟುವುದುಂಟೇ?” ಎಂದು ಮುರಿಗೆಯ್ಯ ಕೇಳಿದ.

ಮುರಿಗೆಯ್ಯ ಮಠದಲ್ಲಿ ತರ್ಕ ಕಲಿಯುತ್ತಿದ್ದ ಶಿಷ್ಯ. ಒಂದೊಂದೇ ಪ್ರಶ್ನೆ ಹಾಕಿ, ಎದುರಿನವನ ಬಾಯಿಂದಲೇ ಉತ್ತರ ತೆಗೆಸಿ ಗೆಲ್ಲುವುದೆಂದರೆ ಅವನಿಗೆ ಬಲು ಉತ್ಸಾಹ. ಹಾಗಾಗುವುದು ಸಾಧ್ಯವಿಲ್ಲ ಎಂದು ಗುರುಗಳು ಹೇಳುತ್ತಾರೆಂದುಕೊಂಡೇ ಅವನು ಕೇಳಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಾಡಿನ ಅಂಚಿನಲ್ಲಿ ಕುಂಬಾರರ ಒಂದು ಕೇರಿ ಇತ್ತು. ಮಣ್ಣು ತುಳಿದು, ಮಡಕೆ ತಟ್ಟಿ ಕೈಕಾಲು ತೊಳೆದ ಮೇಲೆ ಅಲ್ಲಿಯ ಜನ ಒಂದು ಆಟ ಆಡುತ್ತಿದ್ದರು. ಒಬ್ಬರು ಒಂದು ಪ್ರಾಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಉಳಿದವರು ಪ್ರಶ್ನೆ ಕೇಳಿ ಅದು ಯಾವುದೆಂದು ಕಂಡುಹಿಡಿಯಬೇಕು. ಉತ್ತರ ಹೇಳುವವರು ಹೌದು ಅನ್ನಬಹುದು, ಅಲ್ಲ ಅನ್ನಬಹುದು. ಮೂರನೆಯ ಮಾತು ಆಡಬಾರದು.

ಆ ಕೇರಿಯಲ್ಲಿ ಹೊನ್ನವ್ವ ಎಂಬ ಹೆಂಗಸಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಮಾತು ಮಾತ್ರ ಹುಟ್ಟಿನಿಂದಲೇ ಇರಲಿಲ್ಲ. ಅವಳ ಕೈಸನ್ನೆ ಅವಳ ತಾಯಿ ರುದ್ರವ್ವನಿಗೆ ಬಿಟ್ಟರೆ ಬೇರೆಯವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಜನ ಸ್ವಲ್ಪ ಹೊತ್ತು ನೋಡಿ, ನಕ್ಕು, ತಮ್ಮ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಆದರೆ ಈ ಆಟಕ್ಕೆ ಬಾಯಿ ಬೇಕಿರಲಿಲ್ಲ, ತಲೆಯಾಡಿಸಿದರೆ ಸಾಕಾಗಿತ್ತು. ಆ ಆಟದಲ್ಲಿ ಅವಳು ಎಲ್ಲರಿಗೂ ಸಮ. ಯಾರೂ ನೆನೆಯದ ಪ್ರಾಣಿಯನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಉಡ, ಚಿಪ್ಪುಹಂದಿ, ನೀರುನಾಯಿ. ಜನ ಸೋತು ಕೈಚೆಲ್ಲಿದಾಗ ಅವಳ ಮುಖ ನೋಡಬೇಕು!

ಅವಳನ್ನು ಸೋಲಿಸಬಲ್ಲವನು ಒಬ್ಬನೇ. ಅವನ ಹೆಸರು ಬಾಳಪ್ಪ. ಅವನ ಪ್ರಶ್ನೆಗಳು, ತಿರುಗುವ ಚಕ್ರದಿಂದ ಮಡಕೆ ಕೊಯ್ಯುವ ದಾರದಂತೆ, ಒಂದೇ ಎಳೆತಕ್ಕೆ ಅರ್ಧ ಪ್ರಾಣಿಗಳನ್ನು ಬೇರೆ ಮಾಡುತ್ತಿದ್ದವು. ಅವನು ಕೇಳತೊಡಗಿದರೆ ಕೇರಿಯೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಪ್ರಾಣಿಯ ಹೆಸರು ಅವನ ಬಾಯಿಂದ ಬಿದ್ದ ಕೂಡಲೇ ಎಲ್ಲರೂ ಹೋ ಎಂದು ಕೂಗುತ್ತಿದ್ದರು. ಆಟದ ನಡುವೆ ಹೊನ್ನವ್ವ ಯಾರ ಎದೆಯ ಕಡೆಗೆ ಬೆರಳು ತೋರಿಸುತ್ತಾಳೋ ಅವರದು ಮುಂದಿನ ಪ್ರಶ್ನೆ. ಅವಳು ಹೆಚ್ಚಾಗಿ ಬಾಳಪ್ಪನನ್ನೇ ತೋರಿಸುತ್ತಿದ್ದಳು. ಅವನೊಡನೆ ಆಡುವುದು ಅವಳಿಗೆ ಅಷ್ಟು ಇಷ್ಟ.

ಆ ವರ್ಷ ಕಾಡಿನಿಂದ ಏನೋ ಒಂದು ಕೇರಿಯ ಹತ್ತಿರ ಸುಳಿಯತೊಡಗಿತು. ಕಟ್ಟಿಗೆಗೆ ಹೋಗಿದ್ದ ಒಬ್ಬನ ಭುಜವನ್ನು ಸೀಳಿತು. ಬೆನ್ನ ಹಿಂದಿನಿಂದ ಬಂದದ್ದರಿಂದ ಅವನೂ ಅದನ್ನು ನೋಡಿರಲಿಲ್ಲ. ಚಿರತೆ ಎಂದರು ಕೆಲವರು. ಕರಡಿ ಎಂದರು ಕೆಲವರು. ಹೆಚ್ಚಿನ ಹೆಂಗಸರು ಕಾಡಿನ ಕಡೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟರು. ಗಂಡಸರೆಲ್ಲ ಸೇರಿ ಕಾಡಿನ ದಾರಿಯಲ್ಲಿ ಆಳವಾದ ಗುಂಡಿ ತೋಡಿ, ಮೇಲೆ ಸಣ್ಣ ಕೊಂಬೆ ಹಾಸಿ, ಎಲೆ ಮುಚ್ಚಿದರು. ಏನು ಬೀಳುತ್ತದೋ ಎಂದು ದಿನವೂ ಎಲ್ಲರಿಗೂ ಅದೇ ಮಾತು, ಅದೇ ಕಾತರ.

ಒಂದು ಮಧ್ಯಾಹ್ನ ಹೊನ್ನವ್ವ ಓಡಿ ಬಂದಳು. ಮಡಕೆ ಸುಡುವ ಆವಿಗೆಗೆ ತರಗೆಲೆ ತರಲು ಹೋಗಿದ್ದವಳು ಬುಟ್ಟಿಯನ್ನು ಎಲ್ಲೋ ಬಿಟ್ಟು ಬಂದಿದ್ದಳು. ಮೊಣಕೈವರೆಗೆ ಮಣ್ಣಾಗಿತ್ತು, ಸೆರಗು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಅವಳು ಕಾಡಿನ ಕಡೆ ಕೈ ತೋರಿಸಿದಳು. ನೆಲದ ಕಡೆ ಕೈ ತೋರಿಸಿದಳು. ರುದ್ರವ್ವ ಕೆರೆಗೆ ಮಣ್ಣು ಅಗೆಯಲು ಹೋಗಿದ್ದಳು. ಉಳಿದವರು ಹೊನ್ನವ್ವನ ಸುತ್ತ ಮುತ್ತಿಕೊಂಡರು.

“ಬಿದ್ದಿದೆ! ಗುಂಡಿಗೆ ಬಿದ್ದಿದೆ!” ಎಂದು ಯಾರೋ ಕೂಗಿದರು.

ಹೊನ್ನವ್ವ ಬಾಳಪ್ಪನ ಎದೆಗೆ ಬೆರಳು ಒತ್ತಿದಳು. ಮತ್ತೆ ಕಾಡಿನ ಕಡೆ ತೋರಿಸಿದಳು. ಮತ್ತೆ ಅವನ ಎದೆಗೇ ಒತ್ತಿದಳು.

“ಸುಮ್ಮನಿರ್ರೋ, ನನ್ನನ್ನು ಕೇಳು ಅಂತಿದ್ದಾಳೆ,” ಎಂದು ಬಾಳಪ್ಪ ಮುಂದೆ ಬಂದ. “ಹೊನ್ನವ್ವ, ಗುಂಡಿಗೆ ಬಿದ್ದಿದೆಯಾ?”

ಹೌದೆಂದು ಅವಳು ತಲೆಯಾಡಿಸಿದಳು.

“ಜೀವ ಇದೆಯಾ?”

ಹೌದು.

“ದೊಡ್ಡದಾ?”

ಹೌದು.

“ಮೈಮೇಲೆ ಚುಕ್ಕೆ ಇದೆಯಾ?”

ಅಲ್ಲ. ಚಿರತೆ ಎಂದಿದ್ದವರು ಅಯ್ಯೋ ಎಂದರು.

“ಕೊಂಬು, ಬಾಲ, ಏನಾದರೂ ಕಂಡಿತಾ?”

ಅಲ್ಲ. ಅಲ್ಲ. ಅವಳು ಅವನ ಕೈ ಹಿಡಿದು ಎಳೆದಳು.

“ತಡಿ ತಂಗಿ, ಏನು ಅಂತ ತಿಳಿಯದೆ ಬರಿಗೈಲಿ ಹೋಗೋಕಾಗಲ್ಲ. ಕಪ್ಪಗಿದೆಯಾ?”

ಅವಳು ಒಂದು ಗಳಿಗೆ ಯೋಚಿಸಿ, ಹೌದೆಂದಳು.

“ಗೊರಗೊರ ಸದ್ದು ಮಾಡ್ತಿದೆಯಾ?”

ಹೌದು.

ಜನ ಒಬ್ಬರ ಮೇಲೊಬ್ಬರು ಬಾಗಿ ನೋಡುತ್ತಿದ್ದರು. ಬಾಳಪ್ಪನ ಕಣ್ಣು ಹೊಳೆಯಿತು.

“ಎರಡು ಕಾಲಿನ ಮೇಲೆ ನಿಲ್ಲುತ್ತದಾ?”

ಹೊನ್ನವ್ವ ನಿಂತಲ್ಲೇ ಕುಣಿದಳು. ಹೌದು, ಹೌದು, ಹೌದು! ಕೊನೆಗೂ ಇವನಿಗೆ ತಿಳಿಯಿತಲ್ಲ ಎಂದು ಅವಳ ಕಣ್ಣಲ್ಲಿ ನೀರೇ ಬಂತು. ಎರಡೂ ಕೈ ಜೋಡಿಸಿ ಅವನಿಗೆ ಮುಗಿದಳು.

“ಕರಡಿ!” ಎಂದ ಬಾಳಪ್ಪ.

ಹೋ ಎಂದು ಕೇರಿಯೇ ಕೂಗಿತು. ಹೊನ್ನವ್ವ ತಲೆ ಅಲ್ಲಾಡಿಸಿದಳು. ಜಡೆ ಬಿಚ್ಚಿಹೋಗುವ ಹಾಗೆ ಅಲ್ಲಾಡಿಸಿದಳು. ಆದರೆ ಹೆಸರು ಹೊರಬಿದ್ದ ಮೇಲೆ ಉತ್ತರ ಹೇಳುವವರ ಮುಖವನ್ನು ಯಾರೂ ನೋಡುವುದಿಲ್ಲ. ಒಬ್ಬ ಈಟಿ ತಂದ. ಒಬ್ಬ ತಮಟೆ ತಂದ. ಉಳಿದವರು ದೊಣ್ಣೆ ಹಿಡಿದರು, ಉಡಿಯಲ್ಲಿ ಕಲ್ಲು ತುಂಬಿಕೊಂಡರು. ಬಾಳಪ್ಪ ಎಲ್ಲರಿಗಿಂತ ಮುಂದೆ ನಡೆದ. ಅಷ್ಟು ದಿನದ ಹೆದರಿಕೆಯೆಲ್ಲ ಒಂದೇ ಏಟಿಗೆ ಸಂಭ್ರಮವಾಗಿತ್ತು.

ಹೊನ್ನವ್ವ ಒಬ್ಬೊಬ್ಬರ ಕೈಹಿಡಿದು ಎಳೆದಳು. “ಹೆದರಬೇಡ ತಂಗಿ, ಮನೆಗೆ ಹೋಗು,” ಎಂದು ಅವರು ಕೈಬಿಡಿಸಿಕೊಂಡರು. ಒಬ್ಬನ ಈಟಿಗೆ ಜೋತುಬಿದ್ದಳು. ಅವನು ಅವಳನ್ನು ಪಕ್ಕಕ್ಕೆ ನೂಕಿದ. ಆಗ ಅವಳು ದಾರಿ ಬಿಟ್ಟು, ಮುಳ್ಳಿನ ಪೊದೆ ನುಗ್ಗಿ ಓಡತೊಡಗಿದಳು.

ಜನ ಗುಂಡಿಯ ಹತ್ತಿರ ಬರುತ್ತಲೇ ಕರಡಿ ಬೆದರಲಿ ಎಂದು ತಮಟೆ ಬಡಿದರು. ಆ ಸದ್ದಿನಲ್ಲಿ ಗುಂಡಿಯ ಒಳಗಿನ ಸದ್ದು ಕೇಳಲಿಲ್ಲ. ಮುರಿದ ಕೊಂಬೆಗಳ ಸಂದಿಯಿಂದ ಕಪ್ಪಗೆ ಏನೋ ಅಲುಗಿದ್ದು ಕಂಡಿತು. “ಅಗೋ!” ಎಂದು ಬಾಳಪ್ಪ ಕಲ್ಲು ಎತ್ತಿ ಬೀಸಿದ.

ಅದೇ ಹೊತ್ತಿಗೆ ಪೊದೆಯಿಂದ ಹೊನ್ನವ್ವ ಬಂದಳು. ನಿಲ್ಲಲಿಲ್ಲ. ಓಡಿ ಬಂದವಳು ಹಾಗೆಯೇ ಗುಂಡಿಗೆ ಧುಮುಕಿದಳು. ಬಾಳಪ್ಪನ ಕಲ್ಲು ಅವಳ ಬೆನ್ನಿಗೆ ಬಿತ್ತು.

ತಮಟೆ ನಿಂತುಹೋಯಿತು. ಕರಡಿ ಅವಳನ್ನು ಸೀಳಿಬಿಡುತ್ತದೆ ಎಂದು ಎಲ್ಲರೂ ಕಣ್ಣು ಮುಚ್ಚಿಕೊಂಡರು.

ಗುಂಡಿಯ ಒಳಗಿನಿಂದ, ಕೂಗಿ ಕೂಗಿ ಬಿದ್ದುಹೋದ ಗಂಟಲಿನ ಒಂದು ಧ್ವನಿ ಬಂತು.

“ಅಣ್ಣಾ, ಮೊದಲು ಈ ತಾಯಿಯನ್ನು ಮೇಲೆತ್ತಿ. ಬೆನ್ನಿಂದ ರಕ್ತ ಬರ್ತಿದೆ. ನನ್ನದು ಬರೀ ಕಾಲು ಮುರಿದಿರೋದು.”

ಅವನು ಬೀರಪ್ಪ ಎಂಬ ಕುರುಬ. ದೂರದ ಊರಿನವನು. ಹಿಂಡಿನಿಂದ ತಪ್ಪಿಸಿಕೊಂಡ ಕುರಿಯನ್ನು ಹುಡುಕುತ್ತ ಕಪ್ಪು ಕಂಬಳಿ ಹೊದ್ದು ಆ ದಾರಿಯಲ್ಲಿ ಬಂದವನು ಬೆಳಗಿನ ಜಾವದಲ್ಲಿ ಬಿದ್ದಿದ್ದ. ಹೊನ್ನವ್ವ ಅವನನ್ನು ಕಂಡು, ಮೇಲಿನಿಂದ ಕೈ ಚಾಚಿ, ಎಟುಕದೆ ಮಣ್ಣು ಕೆದಕಿ ನೋಡಿ, ಆಗದೆ ಕೇರಿಗೆ ಓಡಿ ಬಂದಿದ್ದಳು.

ಹಗ್ಗ ಬಿಟ್ಟು ಇಬ್ಬರನ್ನೂ ಮೇಲೆತ್ತಿದರು. ಬಾಳಪ್ಪ ಹೊನ್ನವ್ವನ ಮುಂದೆ ಕುಸಿದು ಕೂತ. ಅವಳು ಅವನನ್ನು ಬೈಯುವ ಸನ್ನೆ ಮಾಡಲಿಲ್ಲ. ಉಸಿರು ತಿರುಗಿದ ಮೇಲೆ ಬೆರಳನ್ನು ಬೀರಪ್ಪನ ಎದೆಗೆ ಇಟ್ಟಳು. ಆಮೇಲೆ ಬಾಳಪ್ಪನ ಎದೆಗೆ ಇಟ್ಟಳು. ಅದು ಅವಳು ಮೊದಲು ಹೇಳಿದ ಮಾತೇ ಎಂದು ಬಾಳಪ್ಪನಿಗೆ ಆಗ ತಿಳಿಯಿತು. ನಿನ್ನಂಥವನು ಎಂದು ಅವಳು ಹೇಳಿದ್ದಳು. ಕೇಳು ಎಂದು ಅವನು ತಿಳಿದಿದ್ದ.

ಸುದ್ದಿ ತಿಳಿದು ರುದ್ರವ್ವ ಕೆರೆಯಿಂದ ಓಡಿ ಬಂದಳು. ಮಗಳ ಬೆನ್ನಿಗೆ ಸೊಪ್ಪು ಅರೆದು ಹಚ್ಚುತ್ತಿದ್ದಾಗ ಬಾಳಪ್ಪ ಬಾಗಿಲಲ್ಲಿ ನಿಂತು ಹೇಳಿದ, “ಅವ್ವಾ, ನಾನು ಕೇಳಿದ್ದು ಒಂದೂ ತಪ್ಪಿರಲಿಲ್ಲ. ಅವಳು ಹೇಳಿದ್ದೂ ಒಂದೂ ತಪ್ಪಿರಲಿಲ್ಲ. ಹಾಗಿದ್ದೂ ನಾನು ಒಬ್ಬ ಮನುಷ್ಯನ ತಲೆ ಒಡೆಯೋಕೆ ಹೊರಟೆ. ಎಲ್ಲಿ ತಪ್ಪಿದೆ?”

ಬಾಳಪ್ಪ ಹಾಕಿದ ಒಂದೊಂದು ಪ್ರಶ್ನೆಯನ್ನೂ ರುದ್ರವ್ವ ಅಲ್ಲಿದ್ದವರಿಂದ ಕೇಳಿ ತಿಳಿದುಕೊಂಡಿದ್ದಳು. ಸೊಪ್ಪು ಹಚ್ಚುವುದನ್ನು ನಿಲ್ಲಿಸದೆ ಹೇಳಿದಳು:

“ಬಿದ್ದಿದೆಯಾ ಅಂದೆಯಂತೆ. ಬಿದ್ದಿದ್ದಾನಾ ಅನ್ನಲಿಲ್ಲವಲ್ಲಪ್ಪ.”

ಬಾಳಪ್ಪನಿಗೆ ಅಳು ತಡೆಯಲಾಗಲಿಲ್ಲ.

ಬೀರಪ್ಪನನ್ನು ಅವನೇ ಬೆನ್ನ ಮೇಲೆ ಹೊತ್ತು ತನ್ನ ಮನೆಗೆ ತಂದಿದ್ದ. ಕಾಲು ಕೂಡಿಕೊಳ್ಳುವವರೆಗೆ ಅವನಿಗೆ ಉಣ್ಣಲಿಕ್ಕಿ, ಬಿಸಿನೀರು ಕಾಯಿಸಿ ಕೊಟ್ಟ. ಗುಂಡಿಯನ್ನು ಮುಚ್ಚಿಸಿದ. ಬಹಳ ಕಾಲ ಅವನು ಆಟಕ್ಕೆ ಬರಲಿಲ್ಲ. ಹೊನ್ನವ್ವನೇ ಒಂದು ಸಂಜೆ ಅವನನ್ನು ಕೈಹಿಡಿದು ಎಳೆತಂದು ಕೂರಿಸಿದಳು. ಅವಳು ಪ್ರಾಣಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಲೆಯಾಡಿಸಿದಾಗ, ಬಾಳಪ್ಪ ಅಂಜುತ್ತ ಅಂಜುತ್ತ ತನ್ನ ಮೊದಲ ಪ್ರಶ್ನೆ ಕೇಳಿದ.

“ಮನುಷ್ಯನಾ?”

ಕೇರಿಯೆಲ್ಲ ನಕ್ಕಿತು. ಹೊನ್ನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಮಾತ್ರ ನಗದೆ ಅವಳ ಮುಖವನ್ನೇ ನೋಡುತ್ತ, ಅವಳು ಅಲ್ಲ ಎಂದು ತಲೆಯಾಡಿಸುವವರೆಗೆ ಕಾದ.

ಕತೆ ಮುಗಿಯಿತು. ಮುರಿಗೆಯ್ಯ ಕೇಳುತ್ತ ಕೇಳುತ್ತ ಮುಂದೆ ಸರಿದು ಗುರುಗಳ ಮೊಣಕಾಲಿನ ಹತ್ತಿರವೇ ಬಂದು ಕೂತಿದ್ದ. ಅವನ ಮುಖ ಕೆಂಪಾಗಿತ್ತು.

“ತಿಳಿಯಿತು ಗುರುಗಳೇ!” ಎಂದ. “ತಪ್ಪು ಉತ್ತರದಲ್ಲಿರಲಿಲ್ಲ, ಪ್ರಶ್ನೆಯಲ್ಲೂ ಇರಲಿಲ್ಲ. ಪ್ರಶ್ನೆಗೆ ಮೊದಲೇ ಅವನು ಒಂದನ್ನು ಗಟ್ಟಿ ಮಾಡಿಕೊಂಡುಬಿಟ್ಟಿದ್ದ. ಇಷ್ಟು ಸಣ್ಣ ಸಂಗತಿ ಅಷ್ಟು ಜಾಣನಿಗೆ ಹೊಳೆಯಲಿಲ್ಲವಲ್ಲ!”

ಗುರುಗಳು ಅವನನ್ನು ಪ್ರೀತಿಯಿಂದ ನೋಡಿದರು.

“ಕತೆ ಕೇಳುತ್ತಿದ್ದಾಗ, ಮುರಿಗೆಯ್ಯ, ಗುಂಡಿಯಲ್ಲಿ ಏನಿದೆ ಎಂದು ಕಾದೆಯೋ, ಯಾರಿದ್ದಾರೆ ಎಂದು ಕಾದೆಯೋ?”