ಹಿಮದ ಘಾಟಿಯ ವಾರಗಿತ್ತಿಯರು

ಏಳು ಹೊಳೆ ದಾಟಿ ಏಳು ಬೆಟ್ಟ ಹತ್ತಿದರೆ ಒಂದು ಊರಿತ್ತಂತೆ. ವರ್ಷಕ್ಕೆ ಆರು ತಿಂಗಳು ಅಲ್ಲಿ ಸೂರಿನ ತನಕ ಹಿಮ. ಉಪ್ಪು ಬೇಕಾದರೆ ಘಾಟಿಯ ಆಚೆ ಹೋಗಿ ಹೊತ್ತು ತರಬೇಕು. ಜನರನ್ನು ಘಾಟಿ ದಾಟಿಸುವವಳು ಮಾಳವ್ವ. ಹನ್ನೆರಡು ವರ್ಷ ಅವಳು ಮುಂದೆ ನಡೆದಳು, ಊರು ಅವಳ ಹಿಂದೆ ನಡೆಯಿತು.

ಹೀಗಿರುವಾಗ ಅವಳ ಮೈದುನ ಈರವ್ವನನ್ನು ಮದುವೆಯಾಗಿ ಕರೆತಂದನಂತೆ. ಈರವ್ವ ಇನ್ನೂ ಎತ್ತರದ ಬೆಟ್ಟದಲ್ಲಿ ಹುಟ್ಟಿದವಳು. ಸಲಿಕೆಯಿಂದ ಹಿಮ ಕೊರೆದು ಪದರ ಪದರವಾಗಿ ನೋಡುವಳು, ಬೆರಳಲ್ಲಿ ಒತ್ತುವಳು, ಹೋಗಬಹುದು ಅನ್ನುವಳು, ಇಲ್ಲವೇ ಬೇಡ ಅನ್ನುವಳು. ಅವಳು ಬೇಡ ಅಂದ ದಿನ ಬೆಟ್ಟದ ಮಗ್ಗುಲಿನ ಹಿಮವೆಲ್ಲ ಕುಸಿದು ಕೆಳಗೆ ಬಂತು. ಒಂದು ಸಲ ಅಲ್ಲ, ಮೂರು ಸಲ. ಆಮೇಲೆ ಜನ ಮಾಳವ್ವನ ಬಾಗಿಲಿಗೇ ಬಂದು, "ಈರವ್ವ ಇದ್ದಾಳಾ?" ಅಂತ ಕೇಳತೊಡಗಿದರು.

ಮಾಳವ್ವನ ಹೊಟ್ಟೆಗೆ ಕೆಂಡ ಬಿತ್ತು. ಈರವ್ವ ಮಾಡಿದ ಸಾರು ರುಚಿಯಾದರೂ ಉರಿ, ಅವಳು ನಕ್ಕರೂ ಉರಿ. "ನಿನ್ನ ವಾರಗಿತ್ತಿ ಚುರುಕು" ಅಂದ ಗಂಡನ ಜೊತೆ ಎರಡು ದಿನ ಮಾತೇ ಆಡಲಿಲ್ಲವಂತೆ.

ಒಂದು ಸಲ ಮೂರು ದಿನ ಹಿಮ ಸುರಿಯಿತು, ಆ ಮೂರು ದಿನವೂ ಗಾಳಿ ಬೀಸಿತು, ನಾಲ್ಕನೇ ದಿನ ಕಣ್ಣು ಕುಕ್ಕುವ ಬಿಸಿಲು. ಊರಲ್ಲಿ ಉಪ್ಪು ಮುಗಿದಿತ್ತು. ಆರು ಜನ ಹೊರಟು ನಿಂತರು.

"ಅಕ್ಕಾ, ಇವತ್ತು ಬೇಡ," ಅಂದಳು ಈರವ್ವ. "ಗಾಳಿ ಹಿಮವನ್ನೆಲ್ಲ ಈ ಮಗ್ಗುಲಿಗೆ ತಂದು ಪೇರಿಸಿದೆ. ಅಡಿಯ ಪದರ ಮರಳಿನ ಹಾಗೆ ಉದುರ್ತಿದೆ. ಎರಡು ದಿನ ತಡೀರಿ."

"ನೀನು ಈ ಮನೆಗೆ ಕಾಲಿಡೋ ಮುಂಚೆ ಈ ಊರು ಉಪ್ಪು ತಿಂತಿರಲಿಲ್ವಾ?" ಅಂದು ಮಾಳವ್ವ ನಡೆದೇಬಿಟ್ಟಳು. ಈರವ್ವ ಸಲಿಕೆ, ಉದ್ದನೆಯ ಕೋಲು ಹಿಡಿದು ಹಿಂದೆ ಹೊರಟಳು.

ಇಳಿಜಾರಿನ ಅಂಚಿಗೆ ಬಂದಾಗ ಮಾಳವ್ವನ ಕಾಲಡಿ 'ಧುಂ' ಅಂತು. ಇನ್ನೊಂದು ಹೆಜ್ಜೆ, ಮತ್ತೆ 'ಧುಂ'. ಒಳಗೆ ಟೊಳ್ಳು ಅಂತ ಅವಳಿಗೂ ತಿಳಿಯಿತು. ಹಿಂದಿರುಗಿದರೆ ಈರವ್ವ ಹೇಳಿದ್ದೇ ಸರಿಯಾಗುತ್ತದೆ. ತಿರುಗಿ ನೋಡಿದಳು: ಆರು ಮುಖ, ಅದರಲ್ಲಿ ಒಬ್ಬಳು ಮೊಲೆಗೂಸನ್ನು ಮನೆಯಲ್ಲಿ ಬಿಟ್ಟು ಬಂದ ತಾಯಿ.

"ನೀವು ಈ ಬಂಡೆಯ ಮರೆಯಲ್ಲಿ ನಿಲ್ಲಿ," ಅಂದಳು. "ನಾನೊಬ್ಬಳೇ ದಾಟಿ ಕೂಗ್ತೀನಿ."

ಹತ್ತು ಹೆಜ್ಜೆ ಹೋದಳೋ ಇಲ್ಲವೋ, ಮೇಲೆ ದಾರದಂಥ ಬಿರುಕು ಓಡಿತು. ಬೆಟ್ಟವೇ ಜಾರಿ ಅವಳನ್ನು ಎಳೆದುಕೊಂಡು ಹೋಯಿತು.

"ಅಳಬೇಡಿ, ಅಕ್ಕನ ಕೆಂಪು ಸೆರಗು ಎಲ್ಲಿ ಮುಳುಗಿತೋ ಅಲ್ಲೇ ಕಣ್ಣಿಡಿ," ಅಂದಳು ಈರವ್ವ. ಜಾರುತ್ತಿದ್ದ ಹಿಮ ನಿಂತ ಮೇಲೆ ಓಡಿಹೋಗಿ ಕೋಲು ಚುಚ್ಚಿದಳು. ಆರು ಕಡೆ ಚುಚ್ಚಿದರೆ ಬರೀ ಹಿಮ. ಏಳನೇ ಕಡೆ ಮೆತ್ತಗೆ ತಗುಲಿತು. ಆರು ಜನ ಕೈಯಲ್ಲೇ ತೋಡಿದರು, ಈರವ್ವ ಸಲಿಕೆಯಲ್ಲಿ ತೋಡಿದಳು. ನೀಲಿಗಟ್ಟಿದ ಮುಖ ಕಂಡಿತು. ಬಾಯಿಯ ಹಿಮ ತೆಗೆದರೆ ಉಸಿರು ಬಂತು.

ಮಾಳವ್ವ ಕಣ್ಣು ಬಿಟ್ಟಳು. "ಇದನ್ನೂ ನೀನೇ ಮಾಡಬೇಕಾಗಿತ್ತಾ?" ಅಂದಳಂತೆ.

"ಅವರನ್ನ ಬಂಡೆ ಹತ್ತಿರ ನಿಲ್ಲಿಸಿದ್ದು ನೀವು ಅಕ್ಕಾ. ಇಲ್ಲದಿದ್ದರೆ ನನ್ನ ಜೊತೆ ತೋಡೋರು ಯಾರಿದ್ರು?"

ಆಗ ಮಾಳವ್ವ ಬಿಕ್ಕಿ ಬಿಕ್ಕಿ ಅತ್ತಳು. "ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು ಕಣೇ," ಅಂತ ಎಲ್ಲರ ಎದುರಿಗೇ ಹೇಳಿದಳು.

"ಗೊತ್ತು ಅಕ್ಕಾ. ಏಳಿ, ಮನೆಗೆ ಹೋಗೋಣ."

ಎರಡು ದಿನ ಊರೆಲ್ಲ ಸಪ್ಪೆ ಗಂಜಿ ಕುಡಿಯಿತು. ಮೂರನೇ ದಿನ ಈರವ್ವ ಹಿಮ ನೋಡಿ ಹೂಂ ಅಂದಳು, ಮಾಳವ್ವ ದಾರಿ ಹಿಡಿದಳು. ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲವಂತೆ, ಆದರೆ ಅದು ಅವಳನ್ನು ನಡೆಸುವುದು ನಿಂತಿತಂತೆ. ಅವರು ಘಾಟಿ ದಾಟಿ ಆಚೆಗೆ ಹೋದರು, ನಾವು ಕಥೆ ಮುಗಿಸಿ ಈಚೆಗೇ ಉಳಿದೆವು.